ಸುಡುಗಾಡಿಗೊಂದು ಬೋರ್ಡು ಬೇಕು

ನಮ್ಮೂರಿನ ಸುಡುಗಾಡಿಗೆ ಬೋರ್ಡಿಲ್ಲ. ಗೇಟಿಲ್ಲ, ಕಾವಲಿನವನಿಲ್ಲ, ಸತ್ತವರ ಹೆಸರು ಬರೆದಿಡುವ ಪುಸ್ತಕವೂ ಇಲ್ಲ. ಆದರೆ ಕಾನೂನಿದೆ. ಅದನ್ನು ನಾನು ಅಕ್ಷರ ಕಲಿಯುವುದಕ್ಕಿಂತ ಮುಂಚೆಯೇ ಕಲಿತೆ.

ಕೇರಿಯ ಹೆಣ ತೇರು ಎಳೆಯುವ ಬೀದಿಯಲ್ಲಿ ಬರಕೂಡದು. ಹಿತ್ತಲ ಹಿಂದಿನ ಓಣಿ ಹಿಡಿದು ಕೆರೆ ಏರಿ ಹತ್ತಬೇಕು. ಗುಡಿ ಕಾಣುವ ಕಡೆ ತಮಟೆ ನಿಲ್ಲಿಸಬೇಕು. ಊರಿನವರು ಹೂಳುವುದು ದಿಬ್ಬದ ಮೇಲೆ, ಕೇರಿಯವರು ಕೋಡಿ ಕೆಳಗಿನ ಜೌಗಿನಲ್ಲಿ. ಊರಿನಲ್ಲಿ ಯಾರಾದರೂ ಸತ್ತರೆ ನೆಂಟರ ಊರಿಗೆ ಸುದ್ದಿ ಒಯ್ಯುವವನು ಕೇರಿಯವನು, ತಮಟೆ ಬಡಿಯುವವನು ಕೇರಿಯವನು, ಗುಣಿ ತೋಡುವವನೂ ಕೇರಿಯವನೇ. ತೋಡಿದವನು ಹೆಣ ಬರುವ ಹೊತ್ತಿಗೆ ಮೇಲೆ ಹತ್ತಿ ಬಂದು ದೂರ ನಿಲ್ಲಬೇಕು. ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕಿ, ತಿರುಗಿ ನೋಡದೆ ಹೊರಟು ಹೋದ ಮೇಲೆ ಬಂದು ಮುಚ್ಚಬೇಕು. ಇವುಗಳಲ್ಲಿ ಒಂದನ್ನೂ ಯಾರೂ ಯಾವ ಗೋಡೆಯ ಮೇಲೂ ಬರೆದಿಲ್ಲ. ಬರೆದಿದ್ದರೆ ಅದನ್ನು ತೋರಿಸಿ ಕೇಸು ಹಾಕಬಹುದಿತ್ತು.

ನಮ್ಮ ದೊಡ್ಡಪ್ಪ ಊರಿನ ಕುಳವಾಡಿ. ಹಳೇ ಮೈಸೂರು ಸೀಮೆಯಲ್ಲಿ ಕುಳವಾಡಿಯೆಂದರೆ ಗಡಿ ಬಲ್ಲವನು. ಎರಡು ಊರಿನ ನಡುವೆ ಎಲ್ಲೆಯ ಜಗಳ ಬಂದರೆ ಅವನ ಮಾತಿಗೆ ಬೆಲೆಯಿತ್ತು. ದೊಡ್ಡಪ್ಪನಿಗೆ ಸತ್ತವರ ಗಡಿಯೂ ಗೊತ್ತಿತ್ತು. "ಅಲ್ಲಿ ತೋಡಬ್ಯಾಡ್ರಲಾ, ಅಲ್ಲಿ ಪಟೇಲ್ರ ಕಿರೀ ಹೆಂಡ್ರು ಅವ್ರೆ" ಅನ್ನೋರು. ಊರಿನ ದಿಬ್ಬದಲ್ಲಿ ನಲವತ್ತು ವರ್ಷ ಗುಣಿ ತೋಡಿದರು. ಕೂಲಿ ಒಂದು ಮೊರ ರಾಗಿ, ಕುಡಿಯೋಕೆ ಒಂದಿಷ್ಟು ಕಾಸು.

ಅವರು ಸತ್ತದ್ದು 1996ರಲ್ಲಿ, ಹುಬ್ಬೆ ಮಳೆ ಹಿಡಿದುಕೊಂಡಿದ್ದಾಗ. ಏರಿ ಇಳಿದರೆ ನಮ್ಮ ಜೌಗಿಗೆ ಹೋಗುವ ಕಾಲುದಾರಿ. ಆ ವರ್ಷ ಪಕ್ಕದ ಹೊಲದವರು ಅದನ್ನೂ ಸೇರಿಸಿ ಉತ್ತು ರಾಗಿ ಬಿತ್ತಿ ಬೇಲಿ ಹಾಕಿದ್ದರು. "ಪೈರು ತುಳಿಯೋಂಗಿಲ್ಲ. ಹಳ್ಳದ ಕಡೆಯಿಂದ ತಗೊಂಡೋಗ್ರಿ" ಅಂದರು ಹೊಲದ ಯಜಮಾನರು. ಹಳ್ಳದಲ್ಲಿ ಎದೆಮಟ್ಟ ನೀರು. ಚಟ್ಟವನ್ನು ಏರಿ ಮೇಲೆ ಇಳಿಸಿದೆವು. ಮಧ್ಯಾಹ್ನ ಒಂದು ಗಂಟೆಯಿಂದ ಸಂಜೆಯವರೆಗೆ ದೊಡ್ಡಪ್ಪ ಮಳೆಯಲ್ಲಿ ನೆನೆಯುತ್ತಾ ಮಲಗಿದ್ದರು. ದೊಡ್ಡಮ್ಮ ಅಳುತ್ತಿರಲಿಲ್ಲ. "ನಿಮ್ಮಪ್ಪಾರ ಗುಣೀನೂ ಇವ್ರೇ ಅಲ್ವಾ ಬುದ್ದಿ ತೋಡಿದ್ದು?" ಅಂತ ಒಂದೇ ಮಾತು ಕೇಳಿದರು. ಯಜಮಾನರು ಅತ್ತ ತಿರುಗಿಕೊಂಡರು.

ಸಂಘದ ಹುಡುಗನೊಬ್ಬ ಗೋಮಾಳದ ತಕರಾರಿಗೆಂದು ಗ್ರಾಮ ನಕಾಶೆಯ ನಕಲು ತಂದಿಟ್ಟುಕೊಂಡಿದ್ದ. ಅದರಲ್ಲಿ ನಮ್ಮ ದಾರಿಯಿತ್ತು. ಹುಡುಗರು ತಾಲ್ಲೂಕು ಕಚೇರಿಗೆ ಓಡಿದರು. ಕತ್ತಲಾಗುವ ಹೊತ್ತಿಗೆ ಪೊಲೀಸ್ ಜೀಪಿನಲ್ಲಿ ರೆವಿನ್ಯೂ ಇನ್‌ಸ್ಪೆಕ್ಟರು ಬಂದರು. ಜೀಪಿನ ಮುಂದೆ ನಕಾಶೆ ಹರಡಿ, ಬ್ಯಾಟರಿ ಬಿಟ್ಟು ನೋಡಿ, "ಇದು ನಕಾಶೆ ಕಂಡ ದಾರಿ ಕಣ್ರೀ. ಬೇಲಿ ತೆಗೀರಿ" ಅಂದರು. ಅಷ್ಟೇ. ಬೇಲಿ ತೆಗೆದರು. ಗುಣಿಯೊಳಗೆ ನೀರು ಜಿನುಗುತ್ತಿತ್ತು. ಬಕೆಟ್ಟಿನಲ್ಲಿ ಮೊಗೆದು ಚೆಲ್ಲುತ್ತಾ, ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ಮಣ್ಣು ಮಾಡಿದೆವು.

ಮುಂದಿನ ಮುಂಗಾರಿಗೆ ಆ ದಾರಿಯನ್ನು ಮತ್ತೆ ಉತ್ತರು. ಇನ್‌ಸ್ಪೆಕ್ಟರಿಗೆ ವರ್ಗವಾಗಿತ್ತು, ನಕಾಶೆ ಹುಡುಗನ ಟ್ರಂಕಿನಲ್ಲಿತ್ತು. ಆ ರಾತ್ರಿ ಹೆಣ ದಾಟಿಸಿದ್ದು ಒಂದು ಕಾಗದ. ಆ ಕಾಗದ ಎಲ್ಲರ ಕಣ್ಣಿಗೆ ಬೀಳುವಂತೆ ಗೋಡೆಯ ಮೇಲೆ ಇಲ್ಲದ್ದರಿಂದ ದಾರಿ ಮತ್ತೆ ಮುಚ್ಚಿತು. ನಾನು ಈ ಲೇಖನ ಬರೆಯುತ್ತಿರುವುದು ಇದೊಂದು ಮಾತಿಗೆ.

ಕಾನೂನು ಇಲ್ಲದೆ ಇಲ್ಲ ಗೆಳೆಯರೇ. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಗೆ 1976ರಲ್ಲಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರು ಬದಲಾಯಿತು. ಅದರ 4ನೇ ಸೆಕ್ಷನ್ನು ಬಾವಿ, ಕೆರೆ, ದಾರಿಗಳ ಜೊತೆಗೇ ಸ್ಮಶಾನವನ್ನೂ ಹೆಸರಿಸುತ್ತದೆ. 1989ರ ದೌರ್ಜನ್ಯ ತಡೆ ಕಾಯ್ದೆಗೆ ಬಂದ ತಿದ್ದುಪಡಿ 2016ರ ಜನವರಿ 26ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ದಲಿತರು ಸ್ಮಶಾನ ಬಳಸದಂತೆ ತಡೆಯುವುದು ಅಪರಾಧ, ದಲಿತರಿಂದ ಗುಣಿ ತೋಡಿಸುವುದೂ ಅಪರಾಧ. ದೊಡ್ಡಪ್ಪನ ನಲವತ್ತು ವರ್ಷದ ಕೆಲಸಕ್ಕೆ ಇವತ್ತಿನ ಕಾನೂನಿನಲ್ಲಿ ಅಪರಾಧ ಎಂದು ಹೆಸರು. ಅಪರಾಧಿ ಅವರಲ್ಲ, ಮಾಡಿಸಿದವರು. ಇನ್ನು ಜಮೀನಿನ ಮಾತು. 1966ರ ಭೂಕಂದಾಯ ನಿಯಮಗಳಲ್ಲಿ ಜನ ಹೂಳಲು ಬಳಸುವ ಜಾಗ, ಜನ ಓಡಾಡುವ ದಾರಿ ಎರಡೂ 'ಬಿ' ಖರಾಬು. ಪಕ್ಕದ ಹೊಲದವರು ಅದನ್ನು ಉತ್ತು ತಮ್ಮದು ಮಾಡಿಕೊಳ್ಳುವ ಹಾಗಿಲ್ಲ.

ಆದರೂ 2019ರ ಆಗಸ್ಟಿನಲ್ಲಿ ತಮಿಳುನಾಡಿನ ವಾಣಿಯಂಬಾಡಿ ಹತ್ತಿರ, ಹೊಲದ ದಾರಿ ಬಿಡಲಿಲ್ಲವೆಂದು ದಲಿತರು ತಮ್ಮವನ ಹೆಣವನ್ನು ಸೇತುವೆಯ ಮೇಲಿಂದ ಹಗ್ಗ ಕಟ್ಟಿ ಪಾಲಾರ್ ನದಿಯ ಪಾತ್ರಕ್ಕೆ ಇಳಿಸಿದರು. ಅದೇ ತಿಂಗಳು ನಮ್ಮ ಹೈಕೋರ್ಟು, ಸ್ಮಶಾನ ಇಲ್ಲದ ಹಳ್ಳಿಗಳಿಗೆ ಆರು ತಿಂಗಳೊಳಗೆ ಜಾಗ ಕೊಡಿ ಎಂದು ಸರ್ಕಾರಕ್ಕೆ ಹೇಳಿತು. ಆರು ತಿಂಗಳು ಕಳೆದು ವರ್ಷಗಳಾದರೂ ಕೆಲಸ ಮುಗಿಯದೆ, ಅದು ನ್ಯಾಯಾಂಗ ನಿಂದನೆಯ ಅರ್ಜಿಯಾಗಿ ಮತ್ತೆ ಅದೇ ಕೋರ್ಟಿನ ಮುಂದೆ ಬಂತು.

ಒಮ್ಮೆ ಬೆಂಗಳೂರಿನಲ್ಲಿ ಜೊತೆ ಮೇಷ್ಟರೊಬ್ಬರ ತಾಯಿಯ ಮಣ್ಣಿಗೆ ಹೋಗಿದ್ದೆ. ಸಾರ್ವಜನಿಕ ರುದ್ರಭೂಮಿ. ಗೇಟಿನಲ್ಲೇ ಬೋರ್ಡು: ವೈದ್ಯರ ಪತ್ರ ತರಬೇಕು, ಹೆಸರು ಬರೆಸಿ ರಸೀದಿ ಪಡೆಯಬೇಕು, ಅನುಮತಿಯಿಲ್ಲದೆ ಗೋರಿ ಕಟ್ಟಬಾರದು, ಮದ್ಯಪಾನ ಕೂಡದು, ಕಸ ಎಸೆಯಬಾರದು, ಕತ್ತಲಾದ ಮೇಲೆ ಪ್ರವೇಶವಿಲ್ಲ. ಜೊತೆಗಿದ್ದವರು "ಸತ್ತ ಮೇಲೂ ರೂಲ್ಸಾ?" ಅಂತ ಬೇಸರಪಟ್ಟರು. ನನಗೆ ಹಿಡಿಸಿತು. ಆ ಬೋರ್ಡು ಜಾತಿ ಕೇಳಿರಲಿಲ್ಲ. ನಗರದಲ್ಲೂ ಜಾತಿಗೊಂದು ಮಸಣ ಮಾಡಿಕೊಂಡವರಿದ್ದಾರೆ, ಬಲ್ಲೆ. ಆದರೆ ಇಲ್ಲಿ ಸಾಲಿನಲ್ಲಿ ಮುಂದೆ ಬಂದವರ ಹೆಣ ಮುಂದೆ, ಹಿಂದೆ ಬಂದವರದು ಹಿಂದೆ.

ಅದರಲ್ಲಿ ಇಲ್ಲದ್ದು ಗುಣಿ ತೋಡುವವನ ಮಾತು. ಅವನ ಕೂಲಿ ಎಷ್ಟು, ಕೈಗವಸು ಕೊಡುವವರು ಯಾರು, ಒಂದು ಸಾಲೂ ಇಲ್ಲ. 2021ರ ಏಪ್ರಿಲ್, ಮೇ ತಿಂಗಳಲ್ಲಿ ಬೆಂಗಳೂರಿನ ಚಿತಾಗಾರಗಳ ಮುಂದೆ ಆಂಬುಲೆನ್ಸುಗಳು ಸಾಲುಗಟ್ಟಿದಾಗ ಹಗಲೂ ರಾತ್ರಿ ದುಡಿದವರು ಇವರೇ. ರಾಘವಾಂಕನ ಕಾವ್ಯದಲ್ಲಿ ಹರಿಶ್ಚಂದ್ರ ಹೊಲತಿಯರನ್ನು ಮದುವೆಯಾಗಲು ಒಪ್ಪದೆ ರಾಜ್ಯ ಬಿಟ್ಟ, ಕೊನೆಗೆ ವೀರಬಾಹುಕನ ಆಳಾಗಿ ಸುಡುಗಾಡು ಕಾದ. ಸ್ವಂತ ಮಗನ ಹೆಣಕ್ಕೂ ಸುಂಕ ಬಿಡಲಿಲ್ಲ. ಕಾನೂನು ಹೆಂಡತಿಗೂ ಒಂದೇ ಅಂದ. ರಾಜ ಆ ಕೆಲಸವನ್ನು ಕೆಲವು ದಿನ ಮಾಡಿದ್ದಕ್ಕೆ ದೇವರೇ ಇಳಿದು ಬಂದ. ವಂಶವಂಶವೇ ಅದನ್ನು ಮಾಡಿದವರ ಹತ್ತಿರ ತಹಸೀಲ್ದಾರರೂ ಬರಲಿಲ್ಲ.

ಪುಸ್ತಕ ಇಲ್ಲದ್ದರ ಕಷ್ಟವನ್ನೂ ಹೇಳಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಹೂಳುವ, ಸುಡುವ ಜಾಗವನ್ನು ನೋಡಿಕೊಳ್ಳುವವನು ಸಾವಿನ ವಿಷಯ ನೋಂದಣಿ ಮಾಡುವವರಿಗೆ ತಿಳಿಸಬೇಕು. ಗಡುವು 21 ದಿನ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶ ಬೇಕು. ನಮ್ಮ ಜೌಗನ್ನು ನೋಡಿಕೊಳ್ಳುವವನೇ ಇಲ್ಲ. ದೊಡ್ಡಪ್ಪ ಸತ್ತದ್ದು ಊರಿಗೆಲ್ಲ ಗೊತ್ತಿತ್ತು, ಸರ್ಕಾರಕ್ಕೆ ಮಾತ್ರ ಅವರು ಬದುಕಿಯೇ ಇದ್ದರು. ದೊಡ್ಡಮ್ಮ ವಿಧವಾ ವೇತನಕ್ಕೆ ಎರಡು ವರ್ಷ ಅಲೆದರು.

ಇದನ್ನೆಲ್ಲ ಮುಂದಿಟ್ಟುಕೊಂಡು ಕಳೆದ ಗ್ರಾಮಸಭೆಗೆ ನಾವು ಐದು ನಿಯಮ ಬರೆದುಕೊಟ್ಟೆವು. ಒಂದು, ಸುಡುಗಾಡು ಮತ್ತು ಅದರ ದಾರಿಯನ್ನು ಅಳೆಸಿ ಕಲ್ಲು ನೆಡಬೇಕು, ನಕಾಶೆಯನ್ನು ಪಂಚಾಯಿತಿ ಗೋಡೆಗೆ ಹಾಕಬೇಕು. ಎರಡು, ಯಾರ ಹೆಣವೇ ಆಗಲಿ ಯಾವ ಬೀದಿಯಲ್ಲಾದರೂ ತಮಟೆ ಸಮೇತ ಹೋಗಬಹುದು. ಮೂರು, ಗುಣಿ ತೋಡುವುದು ಯಾವ ಜಾತಿಯ ಪಾಲೂ ಅಲ್ಲ; ಪಂಚಾಯಿತಿಯೇ ಜನ ಗೊತ್ತುಮಾಡಿ ಕೂಲಿ, ಬೂಟು, ಕೈಗವಸು ಕೊಡಬೇಕು. ನಾಲ್ಕು, ಸತ್ತವರ ಪುಸ್ತಕ ಇಡಬೇಕು. ಐದು, ಸುಡುಗಾಡಿಗೆ ಬರುವವರು ಗುಡ್ಡೆ ತುಳಿಯಬಾರದು, ಕಸ ಸುರಿಯಬಾರದು, ಇಸ್ಪೀಟಿಗೆ ಕೂರಬಾರದು, ಟ್ರ್ಯಾಕ್ಟರಿನಲ್ಲಿ ಮಣ್ಣು ಹೊಡೆಯಬಾರದು. ನಮ್ಮ ಜೌಗಿನ ಮಣ್ಣು ಹೋದ ಮನೆಗಳ ಪಾಯದಲ್ಲಿ ನಮ್ಮ ಅಜ್ಜಂದಿರ ಮೂಳೆಗಳಿವೆ. ಜನರ ಮನಸ್ಸು ನೋಯುತ್ತದೆಂದು ಗೊತ್ತಿದ್ದೂ ಹೂಳುವ ಜಾಗಕ್ಕೆ ನುಗ್ಗುವುದು, ಹೆಣಕ್ಕೆ ಅವಮಾನ ಮಾಡುವುದು ಹಿಂದೆ ದಂಡ ಸಂಹಿತೆಯ 297ನೇ ಸೆಕ್ಷನ್ನಿನ ಅಪರಾಧ. 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 301.

"ಮೇಷ್ಟ್ರೇ, ಎಲ್ಲಾ ಅಣ್ಣತಮ್ಮಂದಿರ ಹಾಗೆ ಇದೀವಿ. ಬರೆದು ಹಾಕಿ ಯಾಕೆ ಊರು ಒಡೀತೀರಿ?" ಅಂದರು ಒಬ್ಬ ಸದಸ್ಯರು. ಕೇರಿಯ ಮುದುಕರೊಬ್ಬರು ಎದ್ದು, "ಬರೀಲಿ ಬುಡಿ ಸ್ವಾಮಿ. ಬರೀದೇ ಇದ್ದದ್ನ ಇಷ್ಟು ಕಾಲ ನಾವು ನಡೆಸ್ಕೊಂಡು ಬರ್ಲಿಲ್ವಾ?" ಅಂದರು. ಒಂದನೆಯದೂ ನಾಲ್ಕನೆಯದೂ ಐದನೆಯದೂ ಪಾಸಾದವು. ಬೀದಿಯದೂ ಗುಣಿಯದೂ ಮುಂದಿನ ಸಭೆಗೆ ಹೋದವು. ಆ ಸಭೆಗೆ ನಾವು ಹೋಗುತ್ತೇವೆ.

ಹಳ್ಳಿಗಳಲ್ಲಿ ಪಾಠ ಹೇಳುವ ಗೆಳೆಯರು, ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿಗಳು ಒಂದು ಕೆಲಸ ಮಾಡಿ. ತಾಲ್ಲೂಕಿನ ಸರ್ವೆ ಕಚೇರಿಗೆ ಅರ್ಜಿ ಕೊಟ್ಟು ನಿಮ್ಮೂರಿನ ಗ್ರಾಮ ನಕಾಶೆಯ ನಕಲು ತನ್ನಿ. ಕೇರಿಯ ಹಿರಿಯರನ್ನು ಕೂರಿಸಿಕೊಂಡು ಸುಡುಗಾಡು ಎಲ್ಲಿದೆ, ದಾರಿ ಎಲ್ಲಿದೆ ಗುರುತು ಮಾಡಿ. ಮಳೆಗಾಲ ಶುರುವಾಗುವುದಕ್ಕೆ ಮುಂಚೆ ಮಾಡಿ.