ಸುಗಂಧರಾಜದ ಪಕ್ಕದಲ್ಲಿ

ಬೆಳಗಿನ ಆರೂಕಾಲು. ಚಿತ್ರದುರ್ಗದ ಖಾಸಗಿ ಬಸ್ ನಿಲ್ದಾಣದಲ್ಲಿ ಹೊಸದುರ್ಗದ ಬಸ್ಸು ಗಡಗಡ ಅನ್ನುತ್ತ ನಿಂತಿದೆ. ಕೋಟೆಯ ಬಂಡೆಗಳು ಇನ್ನೂ ಬೂದುಬಣ್ಣದಲ್ಲೇ ಇವೆ. ಡ್ರೈವರಣ್ಣ ಗಾಜಿನ ಮುಂದಿನ ದೇವರ ಪಟ ಒರೆಸಿ, ನಿನ್ನೆಯ ಹಾರ ತೆಗೆದು ಹೊಸದು ಹಾಕಿ, ಊದಿನಕಡ್ಡಿ ಹಚ್ಚಿ ಸ್ಟೇರಿಂಗಿಗೆ ಬೆಳಗಿ ಸಿಕ್ಕಿಸುತ್ತಾನೆ. ಹತ್ತಿದವರೆಲ್ಲ ಸೀಟು ನೋಡುತ್ತಾರೆ, ನಾನು ಹಾರ ನೋಡುತ್ತೇನೆ. ಹಳದಿ ಸೇವಂತಿಗೆ. ಉಸಿರು ಸಲೀಸಾಗುತ್ತದೆ. ಸೇವಂತಿಗೆಯ ಕಹಿ ಬೆರೆತ ಹಸಿರು ವಾಸನೆ ನನ್ನನ್ನು ಯಾವತ್ತೂ ಕಾಡಿಲ್ಲ. ಕಾಡುವುದು ಒಂದೇ ಹೂವು, ಸುಗಂಧರಾಜ. ಅದರ ಜತೆಗೆ ಆ ಹೂವಿನ ಎಳೆ ಇರುವ ಸೆಂಟು, ತಲೆಗೆಣ್ಣೆ, ಕಾರಿನಲ್ಲಿ ತೂಗುಬಿಡುವ ಸುವಾಸನೆಯ ಡಬ್ಬಿ.

ಹೊರಟಿರುವುದು ಚಿಕ್ಕಮ್ಮನ ಮಗಳ ಮದುವೆಗೆ. ನಮ್ಮ ಕಡೆ ಮದುವೆ ಹಾರ ಅಂದರೆ ಸುಗಂಧರಾಜವೇ, ನಡುನಡುವೆ ಕೆಂಪು ಗುಲಾಬಿ. ತಂಗಿಗೆ ಅಕ್ಷತೆ ಹಾಕಬೇಕು ಅಂದರೆ ಆ ಹಾರದ ಹತ್ತಿರ ಹೋಗಲೇಬೇಕು.

ಪಕ್ಕಕ್ಕೆ ಬಂದು ಕೂತ ಹೆಂಗಸಿನ ತುರುಬಿನಲ್ಲಿ ಒಂದು ಸಂಪಿಗೆ.

"ಕಿಟಕಿ ಎಳೆಯಮ್ಮ, ಗಾಳಿ ಕೊರೀತೈತೆ."

"ಒಂಚೂರು ತೆಗೆದಿರ್ಲಿ ಅಕ್ಕ, ಊದಿನಕಡ್ಡಿ ಹೊಗೆ ಹೋಗ್ಲಿ."

ಆಕೆ ಮುಖ ನೋಡಿ ಸುಮ್ಮನಾಗುತ್ತಾಳೆ. ಸ್ವಲ್ಪ ಹೊತ್ತಿಗೆ ಚೀಲದಿಂದ ಇನ್ನೊಂದು ಸಂಪಿಗೆ ತೆಗೆದು ನನ್ನ ಕೈಗಿಡುತ್ತಾಳೆ. "ಇಟ್ಕೊ. ನನ್ನ ಮಗ ಇದನ್ನ ಮನೆಯೊಳಗೆ ಬಿಟ್ಕೊಳ್ಳಲ್ಲ. ಹುಳಿ ನಾತ ಅಂತಾನೆ." ನಾನು ಮೂಗಿಗೆ ಹಿಡಿಯುತ್ತೇನೆ. ಹಣ್ಣು, ಜೇನು, ಚಹಾ ಸೊಪ್ಪು ಎಲ್ಲ ಒಟ್ಟಿಗೆ. ಎಷ್ಟು ಎಳೆದುಕೊಂಡರೂ ತಲೆ ಹಗುರವಾಗಿಯೇ ಇದೆ.

ಆ ಹುಡುಗನ ಮಾತನ್ನು ತಲೆಹರಟೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಸಂಪಿಗೆಯ ಪರಿಮಳದಲ್ಲಿ ಸೇರಿರುವ ಹಲವು ಅಣುಗಳಲ್ಲಿ ಒಂದು ಬೀಟಾ ಅಯೊನೋನ್. ಅದೇ ಅಣು ಕೆಲವರಿಗೆ ಹೂವಿನ ಕಂಪು, ಕೆಲವರಿಗೆ ಹುಳಿ ಘಾಟು. ಈ ವ್ಯತ್ಯಾಸದ ಬಹುಪಾಲು ಓಆರ್5ಎ1 ಎಂಬ ಒಂದೇ ಜೀನಿನಲ್ಲಿದೆ ಅಂತ ನ್ಯೂಜಿಲೆಂಡಿನ ಸಂಶೋಧಕರು 2013ರಲ್ಲಿ ತೋರಿಸಿದರು. ವಾಸನೆ ಹಿಡಿಯುವ ಗ್ರಾಹಿಗಳ ದೊಡ್ಡ ಕುಟುಂಬವನ್ನು 1991ರಲ್ಲಿ ಗುರುತಿಸಿದವರು ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್. ಅವರಿಗೆ 2004ರಲ್ಲಿ ನೊಬೆಲ್ ಬಂತು. ಮನುಷ್ಯನ ಮೂಗಿನಲ್ಲಿ ಕೆಲಸ ಮಾಡುವ ಗ್ರಾಹಿಗಳು ಸುಮಾರು 400 ಬಗೆ. ಅವು ಒಬ್ಬರಲ್ಲಿದ್ದಂತೆ ಇನ್ನೊಬ್ಬರಲ್ಲಿ ಇರುವುದಿಲ್ಲ. ಆಂಡ್ರೊಸ್ಟೆನೋನ್ ಎಂಬ ಅಣು ಕೆಲವರಿಗೆ ಉಚ್ಚೆಯ ನಾತ, ಕೆಲವರಿಗೆ ಸಿಹಿ, ಇನ್ನು ಕೆಲವರಿಗೆ ಏನೂ ಅಲ್ಲ. ಅದರ ಹಿಂದೆಯೂ ಒಂದು ಜೀನಿನ ವ್ಯತ್ಯಾಸವಿದೆ ಅನ್ನುವುದು 2007ರಲ್ಲಿ ಗೊತ್ತಾಯಿತು. ಈ ಸೀಟಿನಲ್ಲಿ ಒತ್ತಿಕೊಂಡು ಕೂತ ನಾವಿಬ್ಬರೂ ಒಂದೇ ಗಾಳಿ ಎಳೆದುಕೊಳ್ಳುತ್ತಿದ್ದೇವೆ. ಒಳಗೆ ಹೋದ ಮೇಲೆ ಅದು ಎರಡು ಗಾಳಿ.

ಹೊಳಲ್ಕೆರೆಯಲ್ಲಿ ಇಳಿಯುತ್ತೇನೆ. ಮುಹೂರ್ತಕ್ಕೆ ಇನ್ನೂ ಹೊತ್ತಿದೆ, ಬಯಲು ಗಣಪನಿಗೆ ಕೈಮುಗಿದು ಮುಂದಿನ ಬಸ್ಸು ಹಿಡಿಯಬಹುದು. ಇಲ್ಲಿ ದೇವರ ತಲೆಯ ಮೇಲೆ ಚಾವಣಿ ಇಲ್ಲ. ಅಷ್ಟೆತ್ತರದ ಕಲ್ಲಿನ ಗಣಪ ಬಿಸಿಲಿಗೂ ಮಳೆಗೂ ಮೈಯೊಡ್ಡಿ ಕೂತಿದ್ದಾನೆ. ಗರಿಕೆ, ಎಣ್ಣೆ, ಒಡೆದ ತೆಂಗಿನಕಾಯಿ, ಹೊಗೆ ಎಲ್ಲದರ ವಾಸನೆಯೂ ಒಂದು ಕ್ಷಣ ಸುಳಿದು ಮೇಲಕ್ಕೆ ಹೋಗಿಬಿಡುತ್ತದೆ. ಗರ್ಭಗುಡಿಗಳ ಮುಂದೆ ಉಸಿರು ಬಿಗಿಹಿಡಿದು ನಿಲ್ಲುವ ನಾನು ಇಲ್ಲಿ ಎದೆತುಂಬ ಉಸಿರೆಳೆದು ನಿಲ್ಲುತ್ತೇನೆ.

ಮಂಗಳಾರತಿಯ ಕರ್ಪೂರ ಹತ್ತಿರ ಬಂದಾಗ ಮೂಗಿನೊಳಗೆ ಚುರುಕ್ ಅನ್ನುತ್ತದೆ. ಆ ಚುರುಕು ಬರುವುದು ಮುಖದ ನೋವು, ಉರಿ, ತಂಪು ತಿಳಿಸುವ ಟ್ರೈಜೆಮಿನಲ್ ನರದ ದಾರಿಯಲ್ಲಿ. ಮೆಂಥಾಲ್, ಅಮೋನಿಯಾ ತಟ್ಟುವುದೂ ಅದೇ ನರಕ್ಕೆ. ವಾಸನೆಯೇ ತಿಳಿಯದವರಿಗೂ ಈ ಚುರುಕು ತಿಳಿಯುತ್ತದೆ. ಅರೆತಲೆನೋವಿನಲ್ಲಿ ಕೆರಳುವ ನರವೂ ಇದೇ. ಮೂಗು ಮತ್ತು ತಲೆನೋವು ಇಷ್ಟು ಹತ್ತಿರದ ನೆಂಟರು ಅನ್ನುವುದು ತಿಳಿದ ದಿನ ನನಗೆ ಅಳುವೇ ಬಂದಿತ್ತು. ಅಲ್ಲಿಯವರೆಗೆ ನನ್ನ ನೋವನ್ನು ವೈಯಾರ ಅಂದವರೇ ಹೆಚ್ಚು.

ಹೊಸದುರ್ಗದಲ್ಲಿ ಇಳಿಯುವ ಹೊತ್ತಿಗೆ ಬಿಸಿಲು ಏರಿದೆ. ಕಲ್ಯಾಣ ಮಂಟಪದ ಬಾಗಿಲಲ್ಲಿ ಲಂಗ ದಾವಣಿಯ ಹುಡುಗಿಯರು ಪನ್ನೀರು ಚಿಮುಕಿಸುತ್ತಾರೆ, ಕಲ್ಲುಸಕ್ಕರೆ ಕೊಡುತ್ತಾರೆ. ಪನ್ನೀರಿಗೆ ನಾನು ಮುಖವೊಡ್ಡುತ್ತೇನೆ. ಗುಲಾಬಿ ನೀರಿನ ಮುಖ್ಯ ಅಣು ಫಿನೈಲ್ ಇಥೈಲ್ ಆಲ್ಕೊಹಾಲ್ ಆ ಚುರುಕಿನ ನರವನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ. ಮೂಗಿನ ಶಕ್ತಿ ಅಳೆಯುವ ಪರೀಕ್ಷೆಗಳಲ್ಲಿ ಅದನ್ನು ಬಳಸುವುದೂ ಈ ಕಾರಣಕ್ಕೇ.

ಒಳಗೆ ಕಾಲಿಟ್ಟರೆ ಬೇರೆಯದೇ ಲೋಕ. ಫ್ಯಾನುಗಳು ತಿರುಗುತ್ತಿವೆ, ಕಿಟಕಿಗಳು ಮುಚ್ಚಿವೆ. ಸ್ಟೇಜಿನ ಹಿಂದೆ ಗೋಡೆಯುದ್ದಕ್ಕೂ ಸುಗಂಧರಾಜದ ಸರಗಳನ್ನು ಪರದೆಯಂತೆ ಇಳಿಬಿಟ್ಟಿದ್ದಾರೆ. ಫೋಕಸ್ ಲೈಟಿನ ಕಾವಿಗೆ ಅಷ್ಟೂ ಮೊಗ್ಗುಗಳು ಬೆವರುತ್ತಿವೆ. ವಾಸನೆ ಮೊದಲು ಬೆಣ್ಣೆಯ ಹಾಗೆ ನುಣ್ಣಗೆ ಬರುತ್ತದೆ, ಆಮೇಲೆ ಸಿಹಿ, ಆ ಸಿಹಿಯ ತಳದಲ್ಲಿ ಔಷಧಿಯ ಘಾಟು. ಈ ಘಾಟಿಗೂ ಹೆಸರಿದೆ: ಮೀಥೈಲ್ ಸ್ಯಾಲಿಸಿಲೇಟ್. ಉಳುಕಿಗೆ, ಬೆನ್ನುನೋವಿಗೆ ಹಚ್ಚುವ ಮುಲಾಮುಗಳಲ್ಲಿ ಇರುವುದು ಇದೇ. ಜತೆಗೆ ಮಲ್ಲಿಗೆಯಲ್ಲೂ ಇರುವ ಇಂಡೋಲ್. ಅದು ಒಂದು ಹನಿ ಇದ್ದರೆ ಹೂವು, ಹೆಚ್ಚಾದರೆ ಕೊಳೆತ. ಮೆಕ್ಸಿಕೊದಿಂದ ಬಂದ ಈ ಗಿಡ ನಮ್ಮ ಹೊಲಗಳಲ್ಲಿ ಎಷ್ಟು ನೆಲೆಯೂರಿದೆ ಅಂದರೆ, ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಪ್ರಜ್ವಲ್, ಶೃಂಗಾರ್, ಸುವಾಸಿನಿ, ವೈಭವ್ ಎಂಬ ತಳಿಗಳನ್ನೇ ಕೊಟ್ಟಿದ್ದಾರೆ. ಒಂಟಿ ಎಸಳಿನವು ಹೆಚ್ಚು ಘಮ. ಹಾರಕ್ಕೆ ಹೋಗುವುದೂ ಹೆಚ್ಚಾಗಿ ಅವೇ.

ಹಿಂದಿನ ಸಾಲಿನಲ್ಲಿ ಕೂರುತ್ತೇನೆ. ಅಲ್ಲೂ ನೆಮ್ಮದಿಯಿಲ್ಲ. ವರನ ಗೆಳೆಯನೊಬ್ಬ ಪಕ್ಕದಲ್ಲಿ ನಿಂತು ಅಂಗಿಯೊಳಕ್ಕೆ ಬಾಡಿ ಸ್ಪ್ರೇ ಹೊಡೆದುಕೊಳ್ಳುತ್ತಾನೆ, ಮತ್ತೆ ಮತ್ತೆ. ನನಗೆ ಆ ಹುಡುಗನ ಮೇಲೆ ಸಿಟ್ಟು ಬರುವುದಿಲ್ಲ. ಇಂಥ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಬಳಸುವ ಕೃತಕ ಕಸ್ತೂರಿಯ ಕೆಲವು ಅಣುಗಳು ಎಷ್ಟೋ ಜನರ ಮೂಗಿಗೆ ಗೊತ್ತೇ ಆಗುವುದಿಲ್ಲ. ಗೊತ್ತಾಗುವವರಿಗೂ ದಿನಾ ಬಳಸಿದ ಮೇಲೆ ಮೂಗು ಅದಕ್ಕೆ ಒಗ್ಗಿಹೋಗುತ್ತದೆ. ಸಾಲದು ಅನ್ನಿಸಿ ಇನ್ನಷ್ಟು ಹೊಡೆದುಕೊಳ್ಳುತ್ತಾರೆ, ಪಕ್ಕದಲ್ಲಿ ಕೂತವರು ಅಷ್ಟನ್ನೂ ಉಣ್ಣುತ್ತಾರೆ. ಡಬ್ಬಿಯ ಹಿಂದೆ ಓದಿದರೆ "ಪರ್ಫ್ಯೂಮ್" ಎಂಬ ಒಂದು ಪದ; ಅದರೊಳಗೆ ಹತ್ತಾರು, ಕೆಲವೊಮ್ಮೆ ನೂರಾರು ಪದಾರ್ಥ. ಯುರೋಪಿನಲ್ಲಿ 2005ರಿಂದ ಅಂಥ 26 ಪದಾರ್ಥಗಳನ್ನು ಹೆಸರಿಸಿಯೇ ಮುದ್ರಿಸಬೇಕು; 2023ರಲ್ಲಿ ಆ ಪಟ್ಟಿಯನ್ನು 80ರ ಆಚೆಗೆ ಬೆಳೆಸಿದರು. ಅದು ಚರ್ಮದ ಅಲರ್ಜಿಯವರಿಗಾಗಿ ಮಾಡಿದ ಪಟ್ಟಿ. ತಲೆ ಸಿಡಿಯುವವರಿಗೆ ಅಂಥದ್ದೊಂದು ಪಟ್ಟಿ ಇಲ್ಲ, ಅವರ ಮೂಗೇ ಪಟ್ಟಿ.

ಗಟ್ಟಿಮೇಳ. ಅಕ್ಷತೆ ಹಾಕಿ ಇಳಿದುಬಿಡೋಣ ಅಂತ ಮೆಟ್ಟಿಲು ಹತ್ತುತ್ತೇನೆ. ತಂಗಿ ತಲೆಯೆತ್ತಿ ನಗುತ್ತಾಳೆ. ಅವಳ ಕೊರಳಿಂದ ಮೊಣಕಾಲವರೆಗೆ ಬಿಳಿ ಹಾರ. ಕಾಳು ಬಿದ್ದ ಕೂಡಲೇ ಹಿಂದಿರುಗುತ್ತೇನೆ. ಚಿಕ್ಕಮ್ಮ ಕೈ ಹಿಡಿಯುತ್ತಾಳೆ.

"ಎಲ್ಲಿಗೆ ಓಡ್ತೀಯ? ಫೋಟೊಗೆ ನಿಂತ್ಕೊ ಬಾರೆ."

"ಆ ಹೂವಿನ ಪಕ್ಕ ನನಗಾಗಲ್ಲ ಚಿಕ್ಕಮ್ಮ, ತಲೆ ಹಿಡ್ಕೊಳುತ್ತೆ."

"ಹೂವಿಗೂ ತಲೆನೋವೇನೆ? ಮದುವೆ ಮನೇಲಿ ಹಂಗೆಲ್ಲ ಅನ್ನಬಾರದು."

ಅವಳ ಕಣ್ಣಲ್ಲಿ ನೀರು ತುಂಬುತ್ತದೆ. ಅದು ಬೈಗುಳವಲ್ಲ, ಭಯ. ಹೂವು ಬೇಡ ಅನ್ನುವುದು ನಮ್ಮಲ್ಲಿ ಮಂಗಳವನ್ನೇ ಬೇಡ ಅಂದ ಹಾಗೆ. ಅರಿಶಿನ ಕುಂಕುಮದ ತಟ್ಟೆಯಲ್ಲಿ ಬಂದ ಮೊಗ್ಗನ್ನು ಕಣ್ಣಿಗೊತ್ತಿಕೊಳ್ಳದೆ ತಿರುಗಿಸಿ ಕಳಿಸಿದವರನ್ನು ನಾನು ಕಂಡಿಲ್ಲ. ಈ ಪ್ರೀತಿಯ ಮುಂದೆ ಯಾವ ಅಣುವಿನ ಹೆಸರು ಹೇಳಲಿ? ನಿಲ್ಲುತ್ತೇನೆ.

ಬೀಗರು ಒಬ್ಬೊಬ್ಬರಾಗಿ ಬಂದು ಸೇರಿಕೊಳ್ಳುತ್ತಾರೆ. ಕ್ಯಾಮೆರಾದವನು "ಸ್ವಲ್ಪ ಒತ್ಕೊಳಿ, ಇನ್ನೂ ಸ್ವಲ್ಪ" ಅನ್ನುತ್ತಾನೆ. ನನ್ನ ಭುಜ ಸುಗಂಧರಾಜದ ಪರದೆಗೆ ತಾಗುತ್ತದೆ. ಬಲಗಣ್ಣಿನ ಹಿಂದೆ ಒಂದು ಎಳೆ ಬಿಗಿಯುತ್ತದೆ. ಬೆಳಕಿನ ಅಂಚುಗಳು ಚೂಪಾಗುತ್ತವೆ. ವಾಲಗದ ಸದ್ದು ಹಲ್ಲಿನೊಳಗೆ ಕೇಳುತ್ತದೆ. ಇಲ್ಲಿಂದ ಮುಂದೆ ಎಲ್ಲ ವಾಸನೆಯೂ ಹಗೆಯೇ. ಅರೆತಲೆನೋವು ಶುರುವಾದ ಮೇಲೆ ಮೂಗು ಇನ್ನಷ್ಟು ಚುರುಕಾಗುತ್ತದೆ. ಬೆಳಗ್ಗೆ ಮುದ್ದಿಸಿದ ಸಂಪಿಗೆಯನ್ನೂ ಈಗ ಬ್ಯಾಗಿನಿಂದ ತೆಗೆದು ಎಸೆಯಬೇಕು.

"ಬಾ ಮಗಾ ಈ ಕಡೆ." ಕೆಳಗೆ ನಿಂತಿದ್ದ ಸೋದರಮಾವ ಯಾರನ್ನೂ ಕೇಳದೆ ನನ್ನ ಕೈ ಹಿಡಿದು ಇಳಿಸಿ, ಊಟದ ಹಾಲಿನ ಆಚೆ, ಪಾತ್ರೆ ತೊಳೆಯುವ ಕಡೆಯ ಬಾಗಿಲ ಹೊರಗೆ ಕುರ್ಚಿ ಹಾಕಿ ಕೂರಿಸುತ್ತಾರೆ. ನೀರು ತರಿಸುತ್ತಾರೆ. ಬೂದಿ, ಒದ್ದೆ ನೆಲ, ಹೋಳಿಗೆಯ ಕಾದ ಎಣ್ಣೆ. ಇದನ್ನು ತಡೆದುಕೊಳ್ಳಬಲ್ಲೆ.

"ನನಗೆ ಕೊರೊನಾ ಬಂದಾಗ ಗೊತ್ತಾಯ್ತು ನೋಡು," ಅನ್ನುತ್ತಾರೆ. "ಆಮೇಲೆ ತಿಂಗಳುಗಟ್ಟಲೆ ಕಾಫಿ ಸುಟ್ಟ ಟೈರಿನ ನಾತ ಹೊಡೀತಿತ್ತು. ಈರುಳ್ಳಿ ಒಗ್ಗರಣೆ ಹಾಕಿದ್ರೆ ಮನೆ ಬಿಟ್ಟು ಓಡ್ತಿದ್ದೆ. ನಿಮ್ಮತ್ತೆ ನಂಬಲೇ ಇಲ್ಲ. ನಾನು ನಂಬ್ತೀನಿ ಕಣಮ್ಮ."

ಸೋಂಕು ಮೂಗಿನ ಜೀವಕೋಶಗಳನ್ನು ಕೆಡಿಸಿ, ಅವು ಮತ್ತೆ ಬೆಳೆಯುವಾಗ ಗುರುತು ತಪ್ಪುವುದು ಸಾವಿರಾರು ಜನರಿಗೆ ಆಗಿದೆ. ವೈದ್ಯರು ಅದನ್ನು ಪರೋಸ್ಮಿಯ ಅನ್ನುತ್ತಾರೆ. ಆ ತಿಂಗಳುಗಳಲ್ಲಿ ಮಾವನಿಗೆ ತಿಳಿದದ್ದು ನನಗೆ ಹುಟ್ಟಿನಿಂದ ತಿಳಿದಿದೆ. ಅಜ್ಜಿಯೂ ಬಂದು ಪಕ್ಕದಲ್ಲಿ ಕೂರುತ್ತಾಳೆ. ಅವಳ ಮೈಯಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ಗಂಧ. 1918ರಿಂದ ನಮ್ಮ ರಾಜ್ಯದ ಬಚ್ಚಲುಗಳಲ್ಲಿ ಇರುವ ವಾಸನೆ. ಇಂಥ ಹೊತ್ತಿನಲ್ಲೂ ಗಂಧ ನನ್ನನ್ನು ನೋಯಿಸುವುದಿಲ್ಲ. ಅವಳ ಹೆಗಲಿಗೆ ತಲೆಯಿಡುತ್ತೇನೆ.

ವರನ ಮನೆ ಹಿರಿಯೂರಿನಲ್ಲಿ. ನಾಳೆ ಅಲ್ಲೇ ಬೀಗರ ಊಟ. ದಿಬ್ಬಣದ ಬಸ್ಸಿನಲ್ಲಿ ಹಾರಗಳ ರಾಶಿ ಇದೆ. ನಾನು ಕೆಂಪು ಬಸ್ಸು ಹತ್ತಿ ಕಿಟಕಿಯನ್ನು ಪೂರ್ತಿ ತೆರೆಯುತ್ತೇನೆ. ಗುಡ್ಡಗಳ ಮೇಲೆ ಗಾಳಿಯಂತ್ರಗಳ ರೆಕ್ಕೆ ತಿರುಗುತ್ತಿವೆ. ಈ ಜಿಲ್ಲೆಯಲ್ಲಿ ಮಳೆ ಕೈಕೊಟ್ಟರೂ ಗಾಳಿ ಕೈಕೊಡುವುದಿಲ್ಲ. ವೇದಾವತಿಗೆ ಅಡ್ಡಲಾಗಿ ಮಾರಿಕಣಿವೆಯ ಎರಡು ಗುಡ್ಡಗಳ ನಡುವೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ ಇರುವುದೂ ಈ ಸೀಮೆಯಲ್ಲೇ. ಮುಖಕ್ಕೆ ಬಡಿಯುವ ಗಾಳಿಯಲ್ಲಿ ಒಣಹುಲ್ಲು, ಧೂಳು. ಬಲಗಣ್ಣಿನ ಹಿಂದಿನ ಬಿಗಿ ನಿಧಾನಕ್ಕೆ ಸಡಿಲವಾಗುತ್ತದೆ.

ಹಿರಿಯೂರು, ಸಂಜೆ. ತೇರುಮಲ್ಲೇಶ್ವರನ ಗುಡಿಯ ಹತ್ತಿರ ಹೂವಿನ ಬುಟ್ಟಿ ಇಟ್ಟುಕೊಂಡ ಅಜ್ಜಿಯ ಮುಂದೆ ನಿಲ್ಲುತ್ತೇನೆ. ಬಿಲ್ವಪತ್ರೆ, ಮಲ್ಲಿಗೆ, ಕನಕಾಂಬರ. ದವನದ ಕಟ್ಟು ಮಾತ್ರ ತುಸು ದೂರ, ಇನ್ನೊಂದು ಮಣೆಯ ಮೇಲೆ, ಸೊಸೆಯ ಮುಂದೆ.

"ಅದನ್ನ ಅವಳೇ ಕಟ್ಟೋದು," ಅನ್ನುತ್ತಾಳೆ ಅಜ್ಜಿ. "ನನಗೆ ದವನ ಆಗಾಕಿಲ್ಲ ಕಣವ್ವ. ಶಿವನಿಗೆ ಪ್ರೀತಿ, ನನಗೆ ಸೀನು."

ಸೊಸೆ ನಗುತ್ತ ಒಂದು ಕುಡಿ ಕಿತ್ತು ನನ್ನ ಮಣಿಕಟ್ಟಿಗೆ ತಿಕ್ಕುತ್ತಾಳೆ, ತನ್ನದಕ್ಕೂ ತಿಕ್ಕಿಕೊಳ್ಳುತ್ತಾಳೆ. ನನ್ನ ಕೈಯಲ್ಲಿ ಒಣದ್ರಾಕ್ಷಿಯ ಸಿಹಿ, ಅವಳ ಕೈಯಲ್ಲಿ ಕಷಾಯದ ಕಹಿ. ಕರ್ನಾಟಕದಲ್ಲಿ ಬೆಳೆಯುವ ಈ ಗಿಡದ ಎಣ್ಣೆಯನ್ನು ಹೊರದೇಶದ ಸೆಂಟು ತಯಾರಕರು ಬಯಸುವುದು ಈ ಗುಣಕ್ಕಾಗಿಯೂ ಹೌದು: ಒಬ್ಬೊಬ್ಬರ ಮೈಮೇಲೆ ಒಂದೊಂದು ಬಗೆ.

ಎರಡು ಮೊಳ ಕನಕಾಂಬರ ಕೇಳುತ್ತೇನೆ. ವಾಸನೆಯಿಲ್ಲದ ಹೂವು, ತಂಗಿಯ ಜಡೆಗೆ. ಅಜ್ಜಿ ಮೊಣಕೈಯಿಂದ ಬೆರಳ ತುದಿಗೆ ಅಳೆದು, ಮೇಲೊಂದು ಗೇಣು ಬಿಟ್ಟು ಕತ್ತರಿಸುತ್ತಾಳೆ. ಅಷ್ಟರಲ್ಲಿ ಫೋನು. ಚಿಕ್ಕಮ್ಮ.

"ತಲೆನೋವು ಹೆಂಗೈತೆ? ನಿಮ್ಮ ಮಾವ ನನಗೆ ಸರಿಯಾಗಿ ಬೈದ್ರು. ನಾಳೆಗೆ ಏನು ಮಾಡ್ಲಿ ಹೇಳು, ಹೂವಿನವನಿಗೆ ಬೇಡ ಅನ್ಲಾ?"

"ಬೇಡ ಅನ್ಬೇಡ ಚಿಕ್ಕಮ್ಮ, ಹೂವು ಇರ್ಲಿ. ಕಿಟಕಿ ತೆಗೆಸು. ಬಾಗಿಲ ಪಕ್ಕ ಎರಡು ಕುರ್ಚಿ ಹಾಕ್ಸು, ಒಂದು ನನಗೆ, ಒಂದು ಮಾವನಿಗೆ. ಫೋಟೊ ಅಲ್ಲೇ ತೆಗೆಸ್ಕೊಳ್ಳೋಣ, ತಂಗಿ ಹಾರ ತೆಗೆದಿಟ್ಟು ಬರ್ಲಿ."