ಬ್ರೆಡ್ಡಿನ್ಯಾಗ ಶೇಂಗಾ ಹಿಂಡಿ

ನಮ್ಮ ಅತ್ತಿಯವ್ರ ಲೆಕ್ಕದಾಗ ಬ್ರೆಡ್ ಅಂದ್ರ ಜ್ವರ ಬಂದವ್ರು ಹಾಲಿನ್ಯಾಗ ಅದ್ದಿ ತಿನ್ನೋದು. ಮಕ್ಕಳಿಗೆ ನಾ ಸ್ಯಾಂಡ್‌ವಿಚ್ ಮಾಡಿದ್ರ, "ಯಾರಿಗೆ ಜ್ವರ ಬಂದಾವವಾ?" ಅಂತ ಕೇಳೋರು.

ಹೋದ ದೀಪಾವಳಿ ಆದಮ್ಯಾಲೆ ಅವ್ರ ಹಲ್ಲು ಎಲ್ಲಾ ತಗಿಸಬೇಕಾತು. ಜೋಳದ ರೊಟ್ಟಿ ಬಂದಾತು. ಹಾಲು-ಅನ್ನ ಉಂಡು ಉಂಡು ಮಾರಿ ಸಣ್ಣಾತು, ಮಾತೂ ಕಡಿಮಿ ಆದ್ವು. ನಾ ಏನ್ ಮಾಡಿಟ್ಟರೂ ಒಂದು ಹೆಸರಿಡಲಿಲ್ಲ. ನನಗ ಅದ ಅಂಜಿಕಿ ಹತ್ತಿತ್ತು.

ಒಂದಿನ ಬ್ರೆಡ್ಡಿನ ಅಂಚು ಕೊಯ್ದು ಬೆಣ್ಣಿ ಹಚ್ಚಿದೆ. ಶೇಂಗಾ ಹಿಂಡಿ ಮಿಕ್ಸರಿನ್ಯಾಗ ಇನ್ನೊಮ್ಮಿ ತಿರುವಿ ನುಣ್ಣಗ ಮಾಡಿದೆ. ತರಿ ಇದ್ರ ವಸಡಿಗೆ ಚುಚ್ಚತೈತಿ. ಅದನ್ನ ಕೆನಿಮೊಸರಿನ್ಯಾಗ ಗಟ್ಟ್ಯಾಗಿ ಕಲಸಿ ದಪ್ಪಗ ಸವರಿದೆ. ಮ್ಯಾಲೆ ತುರಿದ ಸವತಿಕಾಯಿ. ಅಕ್ಕಾರ, ಸವತಿಕಾಯಿ ಮುಷ್ಟಿಲೆ ಒತ್ತಿ ನೀರು ತಗೀರಿ, ಇಲ್ಲಂದ್ರ ಕೈಗೆ ಎತ್ತೂದ್ರಾಗ ಬ್ರೆಡ್ ಹರಿತೈತಿ. ಉಳ್ಳಾಗಡ್ಡಿ ಹಾಕಲಿಲ್ಲ, ಹಂಚಿನ ಮ್ಯಾಲೂ ಸುಡಲಿಲ್ಲ. ಮಕ್ಕಳಿಗಾದ್ರ ಎರಡೂ ಬೇಕು.

ಅತ್ತಿಯವ್ರು ಒಂದು ತುತ್ತು ತಿಂದು ಸುಮ್ನ ಕುಂತ್ರು. ಆಮ್ಯಾಲೆ, "ಹಿಂಡಿಗೆ ಬಳ್ಳೊಳ್ಳಿ ಕಡಿಮಿ ಆಗೈತವಾ" ಅಂದ್ರು. ಹದಿನಾರು ವರ್ಷದಾಗ ಅವ್ರು ಹೆಸರಿಟ್ಟಿದ್ದಕ್ಕ ನನಗ ಖುಷಿ ಆಗಿದ್ದು ಅವತ್ತ.

ಮರುದಿನ ಮುಂಜಾನೆ ನೋಡಿದ್ರ, ಮರದಾಗ ಬಳ್ಳೊಳ್ಳಿ ಹಾಕ್ಕೊಂಡು ತಾವ ಸುಲಿಕೋತ ಕುಂತಿದ್ರು.