ನೆರಳು ತೆಗೆದರೆ ಓಡುತ್ತದೆ

ಆಟ ಆಡುವುದಕ್ಕಿಂತ ಆಟ ಓಡುವಂತೆ ಮಾಡುವುದರಲ್ಲಿ ನನಗೆ ಸುಖ ಹೆಚ್ಚು. ಮನೆಯವರ ಲೆಕ್ಕದಲ್ಲಿ ಎರಡೂ ಒಂದೇ. ರಾತ್ರಿ ಊಟವಾದ ಮೇಲೆ ಲ್ಯಾಪ್‌ಟಾಪ್ ಮುಂದೆ ಕೂತವನು ಸರಿಹೊತ್ತಾದರೂ ಏಳಲಿಲ್ಲವೆಂದರೆ ಅದು ಆಟದ ಹುಚ್ಚು, ಮುಗಿಯಿತು. ಅಷ್ಟು ಹೊತ್ತಿನಲ್ಲಿ ನಾನು ಆಡಿದ್ದು ಚೂರುಪಾರು. ಮಿಕ್ಕದ್ದೆಲ್ಲ ಒಂದು ಸೆಟ್ಟಿಂಗ್ ಇಳಿಸುವುದು, ಆಟ ಮುಚ್ಚಿ ಮತ್ತೆ ತೆರೆಯುವುದು, ಅದೇ ಬೀದಿಯಲ್ಲಿ ಅದೇ ಕಾರು ಓಡಿಸುತ್ತ ಪರದೆಯ ಮೂಲೆಯಲ್ಲಿ ಕುಣಿಯುವ ಅಂಕಿಯ ಮೇಲೆ ಕಣ್ಣಿಡುವುದು. ಒಂದು ಸೆಕೆಂಡಿಗೆ 22 ಚಿತ್ರ ಬರುತ್ತಿದ್ದದ್ದು 27ಕ್ಕೆ ಏರಿದರೆ ಆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ.

ನಮ್ಮೂರು ಐ.ಡಿ.ಹಳ್ಳಿ. ಪೂರ್ತಿ ಹೆಸರು ಇಟಕದಿಬ್ಬನಹಳ್ಳಿ. ಅಷ್ಟುದ್ದ ಹೆಸರನ್ನು ಬಸ್ಸಿನ ಬೋರ್ಡೂ ಬರೆಯುವುದಿಲ್ಲ, ನಾವೂ ಹೇಳುವುದಿಲ್ಲ. ಮಧುಗಿರಿ ತಾಲ್ಲೂಕಿನ ಹೋಬಳಿ, ಆಂಧ್ರದ ಗಡಿಗೆ ಹತ್ತಿರ, ಮಳೆ ನಂಬಿಕೊಂಡ ಕಡ್ಲೆಕಾಯಿ ಸೀಮೆ. ಇಲ್ಲಿನ ಹುಡುಗರ ಆಟವೆಲ್ಲ ಮೊಬೈಲಿನಲ್ಲೇ. 2020ರ ಸೆಪ್ಟೆಂಬರಿನಲ್ಲಿ ಸರ್ಕಾರ ಪಬ್ಜಿ ಮುಚ್ಚಿಸಿದಾಗ ಅರಳಿಕಟ್ಟೆಯ ಮೇಲೆ ಸೂತಕದ ಮೌನವಿತ್ತು. ಲ್ಯಾಪ್‌ಟಾಪಿನಲ್ಲಿ ಆಡುವವರು ಬೆರಳೆಣಿಕೆಯಷ್ಟು. ಅದರಲ್ಲೂ ಗ್ರಾಫಿಕ್ಸ್ ಕಾರ್ಡ್ ಇರುವ ಲ್ಯಾಪ್‌ಟಾಪ್ ಕೊಂಡವರು ನನಗೆ ಗೊತ್ತಿದ್ದ ಹಾಗೆ ಊರಲ್ಲಿ ಒಬ್ಬರೂ ಇಲ್ಲ. ನನ್ನದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡಿಗೆ ಸಿಕ್ಕ, ಯಾವುದೋ ಆಫೀಸಿನಲ್ಲಿ ಎಕ್ಸೆಲ್ ತುಂಬಿ ತುಂಬಿ ಕೀಲಿಗಳೆಲ್ಲ ಮಿರಮಿರ ಹೊಳೆಯುತ್ತಿದ್ದ ಯಂತ್ರ. ಒಳಗಿರುವುದು 2016ರ ಇಂಟೆಲ್ ಐ5-7200ಯು. ಎರಡು ಕೋರ್, 15 ವ್ಯಾಟ್. ಅದರ ಜೊತೆಗೇ ಒಂದೇ ಸಿಲಿಕಾನ್ ಚೂರಿನ ಮೇಲೆ ಎಚ್‌ಡಿ 620 ಎಂಬ ಗ್ರಾಫಿಕ್ಸ್.

ಭಾಗವಾದ ಅಣ್ಣತಮ್ಮಂದಿರು ಒಂದೇ ಬೋರ್‌ವೆಲ್ ಇಟ್ಟುಕೊಂಡು ಬೇಸಾಯ ಮಾಡುವುದು ಎಂದರೇನೆಂದು ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ಈ ಚಿಪ್ಪಿನೊಳಗೆ ನಡೆಯುವುದೂ ಅದೇ. ಪ್ರೊಸೆಸರ್ ಅಣ್ಣ, ಗ್ರಾಫಿಕ್ಸ್ ತಮ್ಮ, ಬೋರಿನ ನೀರೇ ರ‍್ಯಾಮ್. ಅಣ್ಣನದು ರಾಗಿ ಹೊಲ, ಸ್ವಲ್ಪ ನೀರಿನಲ್ಲಿ ಆಗುತ್ತದೆ. ತಮ್ಮನದು ಅಡಿಕೆ ತೋಟ, ಎಷ್ಟು ಬಿಟ್ಟರೂ ಸಾಲದು. ಬೇರೆ ಗ್ರಾಫಿಕ್ಸ್ ಕಾರ್ಡ್ ಇದ್ದವರ ಮನೆಯಲ್ಲಿ ತಮ್ಮನಿಗೆ ಸ್ವಂತ ಬೋರ್ ಇರುತ್ತದೆ. ಅದೇ 2016ರಲ್ಲಿ ಬಂದ ಜಿಟಿಎಕ್ಸ್ 1050 ಎಂಬ ಅಗ್ಗದ ಕಾರ್ಡಿಗೇ ತನ್ನದೇ ಮೆಮೊರಿ, ಸೆಕೆಂಡಿಗೆ 112 ಜಿಬಿ ಹರಿವು. ನನ್ನ ಯಂತ್ರದಲ್ಲಿ ಒಂದೇ ರ‍್ಯಾಮ್ ಪಟ್ಟಿ ಇದ್ದಾಗ ಇಬ್ಬರಿಗೂ ಸೇರಿ ಸಿಗುತ್ತಿದ್ದದ್ದು ಸೆಕೆಂಡಿಗೆ 17 ಜಿಬಿ.

ಪಕ್ಕದ ಸ್ಲಾಟ್ ಖಾಲಿ ಇತ್ತು. ಅದೇ ವೇಗದ, ಅದೇ ಗಾತ್ರದ ಇನ್ನೊಂದು ಪಟ್ಟಿ ತಂದು ಕೂರಿಸಿದರೆ ಎರಡೂ ಒಟ್ಟಿಗೆ ಕೆಲಸ ಮಾಡುತ್ತವೆ. 17 ಇದ್ದದ್ದು 34 ಆಗುತ್ತದೆ. ಇಂಥ ಲ್ಯಾಪ್‌ಟಾಪಿಗೆ ದುಡ್ಡು ಖರ್ಚು ಮಾಡಿ ಪಡೆಯಬಹುದಾದ ಲಾಭ ಇದೊಂದೇ ಎಂದು ನಾನು ಎದೆ ತಟ್ಟಿ ಹೇಳುತ್ತೇನೆ. ಎಸ್‌ಎಸ್‌ಡಿ ಹಾಕಿಸಿದರೆ ಆಟ ಬೇಗ ತೆರೆದುಕೊಳ್ಳುತ್ತದೆ, ನಿಜ, ಆದರೆ ತೆರೆದ ಮೇಲೆ ಚಿತ್ರ ಬಿಡಿಸುವ ಕೆಲಸವನ್ನು ಅದು ಮಾಡಿಕೊಡುವುದಿಲ್ಲ. ಇನ್ನು ಕೆಲವರು ವಿಂಡೋಸಿನಲ್ಲಿ ಗ್ರಾಫಿಕ್ಸ್ ಮೆಮೊರಿ 128 ಎಂಬಿ ಎಂದು ಬರೆದಿರುವುದನ್ನು ನೋಡಿ ಎದೆಯೊಡೆದುಕೊಳ್ಳುತ್ತಾರೆ. ಅದು ಮೀಸಲಿಟ್ಟ ಪಾಲು ಮಾತ್ರ. ಬೇಕಾದಾಗ ಒಟ್ಟು ರ‍್ಯಾಮಿನ ಅರ್ಧದವರೆಗೂ ಗ್ರಾಫಿಕ್ಸ್ ಎಳೆದುಕೊಳ್ಳುತ್ತದೆ.

ನಮ್ಮ ಸೀಮೆಯ ದೊಡ್ಡ ಶತ್ರು ಬಿಸಿಲು. ಪಕ್ಕದ ಪಾವಗಡ ತಾಲ್ಲೂಕಿನ ತಿರುಮಣಿಯ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ ಸೋಲಾರ್ ಪಾರ್ಕ್ ಮಾಡಿ 2,050 ಮೆಗಾವ್ಯಾಟ್ ಬಿಸಿಲು ಕೊಯ್ಯುತ್ತಾರೆ. ಅದೇ ಬಿಸಿಲಿಗೆ ನನ್ನ 15 ವ್ಯಾಟಿನ ಚಿಪ್ಪು ತಲೆ ತಿರುಗಿ ಬೀಳುತ್ತದೆ. ಚಿಪ್ಪಿನ ಶಾಖ 100 ಡಿಗ್ರಿ ಮುಟ್ಟುತ್ತಲೇ ಸುಟ್ಟುಹೋಗಬಾರದೆಂದು ಅದು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಟ ಶುರುವಾದ ಮೊದಲ ಐದು ನಿಮಿಷ ಚೆನ್ನಾಗಿ ಓಡಿ ಆಮೇಲೆ ಎಳೆದಾಡತೊಡಗಿದರೆ ಕಾರಣ ಇದೇ, ಬೇರೆ ಹುಡುಕಬೇಡಿ. ಫ್ಯಾನು ಒಳಗೆ ಎಳೆದುಕೊಳ್ಳುವುದು ಕೋಣೆಯ ಗಾಳಿಯನ್ನೇ ತಾನೆ? ಶೀಟಿನ ಮನೆಯಲ್ಲಿ ಏಪ್ರಿಲ್ ಮಧ್ಯಾಹ್ನ ಆ ಗಾಳಿಯೇ ಕಾದಿರುತ್ತದೆ. ಡಿಸೆಂಬರಿನಲ್ಲಿ ನೆಮ್ಮದಿಯಾಗಿ ಓಡಿದ ಆಟ, ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋದ ಮೇಲೆ ಅದೇ ಯಂತ್ರದಲ್ಲಿ, ಅದೇ ಸೆಟ್ಟಿಂಗಿನಲ್ಲಿ ತಡವರಿಸುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನಾನು ಆಡುವುದು ರಾತ್ರಿಯೇ. ಲ್ಯಾಪ್‌ಟಾಪಿನ ಹಿಂಬದಿಗೆ ಎರಡು ಬಾಟಲಿ ಮುಚ್ಚಳ ಕೊಟ್ಟು ಎತ್ತರಿಸುತ್ತೇನೆ. ತಳದಲ್ಲಿ ಗಾಳಿ ಆಡಿದರೆ ನಾಲ್ಕೈದು ಡಿಗ್ರಿ ಇಳಿಯುವುದುಂಟು. ಹಾಸಿಗೆ ಮೇಲೆ, ಕಂಬಳಿ ಮೇಲೆ ಇಟ್ಟು ಆಡುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ಬಿಸಿಲಿನ ಬೆನ್ನಿಗೇ ಧೂಳು. ಹಿಂಗಾರಿನಲ್ಲಿ ಅಂಗಳದ ತುಂಬ ಕಡ್ಲೆಕಾಯಿ, ಅದು ಮುಗಿಯಿತೆಂದರೆ ರಾಗಿ ಒಕ್ಕಣೆ. ತೂರುವಾಗ ಎದ್ದ ಹೊಟ್ಟು ಮನೆಯ ತೊಲೆ, ದೇವರ ಪಟ, ಟಿ.ವಿ. ಒಂದನ್ನೂ ಬಿಡುವುದಿಲ್ಲ, ಲ್ಯಾಪ್‌ಟಾಪನ್ನು ಬಿಡುತ್ತದೆಯೆ? ಸಂಕ್ರಾಂತಿ ಕಳೆದ ಮೇಲೆ ಹಿಂದಿನ ಮುಚ್ಚಳ ಬಿಚ್ಚುವುದು ನನಗೊಂದು ಹಬ್ಬ. ಸ್ಕ್ರೂಗಳನ್ನು ಬಿಚ್ಚಿದ ಕ್ರಮದಲ್ಲೇ ಸ್ಟೀಲ್ ತಟ್ಟೆಯಲ್ಲಿ ಸುತ್ತ ಜೋಡಿಸುತ್ತೇನೆ, ಉದ್ದದ್ದು ಗಿಡ್ಡದ್ದರ ತೂತಿಗೆ ಹೋಗಬಾರದು.

“ಉಣ್ಣೋ ತಟ್ಟೇಲಿ ಮೊಳೆ ಇಕ್ಕೊಂಡು ಕುಂತಿದೀಯಲ್ಲಪ್ಪ,” ಅಮ್ಮ ಹಾದುಹೋಗುವಾಗ ಅನ್ನುತ್ತಾಳೆ.

“ತೊಳೆದಿಡ್ತೀನಿ ಬಿಡಮ್ಮ.”

ಮುಚ್ಚಳ ಎತ್ತಿದರೆ ಮೊದಲು ಕಾಣುವುದು ಫ್ಯಾನು, ಅದರ ಬಾಯಿಗೆ ತಾಮ್ರದ ತೆಳು ಹಲ್ಲುಗಳ ಜಾಲರಿ. ಎರಡರ ನಡುವೆ ಧೂಳು ಒತ್ತಾಗಿ ಕೂತು ಪದರ ಕಟ್ಟಿರುತ್ತದೆ. ಚಿಮಟದಲ್ಲಿ ಒಂದು ತುದಿ ಹಿಡಿದು ಎಳೆದರೆ ಪದರ ಇಡಿಯಾಗಿ ಎದ್ದು ಬರುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಕೂದಲು, ಹತ್ತಿಯ ಎಳೆ, ರಾಗಿ ಹೊಟ್ಟು, ಕಡ್ಲೆಬೀಜದ ಕೆಂಪು ಸಿಪ್ಪೆಯ ಚೂರು. ಊರಿನ ಒಂದು ವರ್ಷದ ಬೆಳೆಯೆಲ್ಲ ಅಲ್ಲಿದೆ. ಇದನ್ನು ಪಂಕ್ಚರ್ ಅಂಗಡಿಗೆ ಒಯ್ದು ಗಾಳಿ ಹೊಡೆಸುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಕಂಪ್ರೆಸರ್ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ, ಮೇಲಾಗಿ ಅದರ ರಭಸಕ್ಕೆ ಫ್ಯಾನು ಮಿತಿಮೀರಿ ತಿರುಗಿ ಬೇರಿಂಗ್ ಸಡಿಲವಾಗುತ್ತದೆ. ಹೊಸ ಪೇಂಟ್ ಬ್ರಷ್ಷು ಸಾಕು. ಗಾಳಿ ಊದಲೇಬೇಕೆಂದಿದ್ದರೆ ಫ್ಯಾನಿನ ರೆಕ್ಕೆಗೆ ಊದುಬತ್ತಿಯ ಕಡ್ಡಿ ಅಡ್ಡ ಕೊಟ್ಟು ಊದಬೇಕು.

ಆಮೇಲೆ ಥರ್ಮಲ್ ಪೇಸ್ಟು. ಚಿಪ್ಪಿನ ಮೇಲೆ ಹಚ್ಚಿದ ಹಳೆಯ ಪೇಸ್ಟು ಒಣಗಿ ಬಿರುಕು ಬಿಟ್ಟಿರುತ್ತದೆ, ಉಗುರಿಗೆ ಪುಡಿಯಾಗಿ ಬರುತ್ತದೆ. ಸ್ಪಿರಿಟ್ ಅದ್ದಿದ ಬಟ್ಟೆಯಲ್ಲಿ ಒರೆಸಿದರೆ ಕೆಳಗಿನ ಸಿಲಿಕಾನು ಮುಖ ಕಾಣುವಷ್ಟು ಹೊಳೆಯುತ್ತದೆ. ಅಷ್ಟು ಚಿಕ್ಕ ಚೂರಿನಲ್ಲಿ ಜಿಟಿಎ 5 ಆಟದ ಇಡೀ ಲಾಸ್ ಸ್ಯಾಂಟೋಸ್ ನಗರ ಬಿಡಿಸುವ ಶಕ್ತಿ ಇದೆಯೆಂದು ಅದನ್ನು ಕಣ್ಣಾರೆ ನೋಡಿದವರಿಗೆ ನಂಬುವುದು ಕಷ್ಟ. ಹೆಸರುಕಾಳಿನಷ್ಟು ಹೊಸ ಪೇಸ್ಟು ಇಟ್ಟು, ತಾಮ್ರದ ಪಟ್ಟಿಯನ್ನು ಮೂಲೆಯಿಂದ ಮೂಲೆಗೆ ಅಡ್ಡಡ್ಡ ಬಿಗಿಯುತ್ತ ಬಂದರೆ ಮುಗಿಯಿತು.

ದುಡ್ಡಿಲ್ಲದೆ ಆಗುವ ಇನ್ನೊಂದು ಉಪಾಯವಿದೆ. ಅಣ್ಣನ ಬಾಯಿ ಕಟ್ಟುವುದು. ವಿಂಡೋಸಿನ ಪವರ್ ಸೆಟ್ಟಿಂಗಿನಲ್ಲಿ ‘ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್’ 100 ಎಂದಿರುವುದನ್ನು 99 ಮಾಡಿದರೆ ಪ್ರೊಸೆಸರಿನ ಟರ್ಬೊ ನಿಂತು, 3.1 ಗಿಗಾಹರ್ಟ್ಸಿಗೆ ಜಿಗಿಯುವ ನನ್ನ ಐ5 ತನ್ನ ಮೂಲ ವೇಗವಾದ 2.5ಕ್ಕೆ ತೃಪ್ತಿಪಡುತ್ತದೆ. 15 ವ್ಯಾಟ್ ಇಬ್ಬರ ಪಾಲಿನದಲ್ಲವೆ, ಅಣ್ಣ ಬಿಟ್ಟ ಪಾಲು ತಮ್ಮನಿಗೆ. ಗ್ರಾಫಿಕ್ಸ್ ದುಡಿಯುವ ಆಟಗಳಲ್ಲಿ ಇದರಿಂದ ಶಾಖವೂ ಇಳಿಯುತ್ತದೆ, ಓಟವೂ ಸಮನಾಗುತ್ತದೆ. ಪ್ರೊಸೆಸರನ್ನೇ ಹೆಚ್ಚು ದುಡಿಸುವ ಆಟಗಳಲ್ಲಿ ಮಾತ್ರ ಇದು ತಿರುಗುಬಾಣ. ಇನ್ನು ಕರೆಂಟು. ನಮ್ಮ ಕಡೆಯ ವೋಲ್ಟೇಜಿನ ಕಥೆ ಎಲ್ಲರಿಗೂ ಗೊತ್ತು, ಆದರೆ ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿರುತ್ತದೆ. ಸೀಲಿಂಗ್ ಫ್ಯಾನು ತಿರುಗಲೋ ಬೇಡವೋ ಎನ್ನುವಾಗಲೂ ಅದು ತಕರಾರಿಲ್ಲದೆ ನಡೆಯುತ್ತದೆ. ಪೂರ್ತಿ ಹೋದಾಗಲೇ ಪೀಕಲಾಟ. ಬ್ಯಾಟರಿ ಇರುವುದರಿಂದ ಆಟ ನಿಲ್ಲುವುದಿಲ್ಲ, ಆದರೆ ಯಂತ್ರ ಆ ಗಳಿಗೆಗೇ ಉಳಿತಾಯಕ್ಕಿಳಿದು ಅಂಕಿ ದಬಾರನೆ ಬೀಳುತ್ತದೆ.

ನಿಜವಾದ ಕುಸುರಿ ಆಟದ ಒಳಗಿದೆ. ನೆರಳು, ಹುಲ್ಲು, ನೀರಿನ ಪ್ರತಿಬಿಂಬ, ಅಂಚುಗಳ ನಯ: ಇವುಗಳಲ್ಲಿ ಯಾವುದನ್ನು ಬಿಟ್ಟರೆ ಕಣ್ಣಿಗೆ ನಷ್ಟ ಕಡಿಮೆ, ಚಿಪ್ಪಿಗೆ ಲಾಭ ಹೆಚ್ಚು ಎಂದು ತೂಗಬೇಕು. ಮೊದಲ ತಲೆದಂಡ ನೆರಳಿನದು. ಒಂದು ಮರದ ನೆರಳು ಬಿಡಿಸಲು ಯಂತ್ರ ಆ ಮರವನ್ನು ಸೂರ್ಯನ ಕಡೆಯಿಂದ ಇನ್ನೊಮ್ಮೆ ಬಿಡಿಸಿ ನೋಡಬೇಕಾಗುತ್ತದೆ, ಅಂದರೆ ದುಪ್ಪಟ್ಟು ದುಡಿಮೆ. ಬೇಸಿಗೆಯಲ್ಲಿ ಒಂದು ಹೊಂಗೆಯ ನೆರಳಿಗಾಗಿ ಫರ್ಲಾಂಗು ನಡೆಯುವ ಊರಿನವನು ಪರದೆಯೊಳಗಿನ ಊರಿನ ನೆರಳನ್ನೆಲ್ಲ ಒಂದೇ ಏಟಿಗೆ ತೆಗೆದು ಖುಷಿಪಡುತ್ತೇನೆ. 2015ರಲ್ಲಿ ಕಂಪ್ಯೂಟರಿಗೆ ಬಂದ ಜಿಟಿಎ 5ರ ಮೆನುವಿನಲ್ಲಿ ನೆರಳನ್ನು ಕಡಿಮೆ ಮಾಡಬಹುದೇ ಹೊರತು ಪೂರ್ತಿ ತೆಗೆಯಲಾಗದು. ಅದಕ್ಕೆ ಡಾಕ್ಯುಮೆಂಟ್ಸ್ ಫೋಲ್ಡರಿನಲ್ಲಿರುವ ಅದರ ಸೆಟ್ಟಿಂಗ್ಸ್ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ‘ಶ್ಯಾಡೊ ಕ್ವಾಲಿಟಿ’ ಎಂಬ ಸಾಲಿನಲ್ಲಿ ಸೊನ್ನೆ ಬರೆದು, ಆಟ ಅದನ್ನು ತಿರುಗಿಸಿ ಬರೆಯದಂತೆ ‘ರೀಡ್ ಓನ್ಲಿ’ಗೆ ಟಿಕ್ ಹಾಕಬೇಕು. ಆಮೇಲೆ ನೋಡಿ: ಕಾರುಗಳು ನೆಲಕ್ಕೆ ತಾಗದೆ ತೇಲಿದಂತೆ ಕಾಣುತ್ತವೆ, ಸಂಜೆಗೆ ಸಂಜೆಯ ಕಳೆ ಇಲ್ಲ. ಆದರೆ ಓಡುತ್ತದೆ.

ಎರಡನೆಯದು ಪರದೆಯ ಅಳತೆ. 1920ಕ್ಕೆ 1080 ಎಂದರೆ ಇಪ್ಪತ್ತು ಲಕ್ಷಕ್ಕೂ ಮೀರಿದ ಚುಕ್ಕಿಗಳು. 1280ಕ್ಕೆ 720 ಎಂದರೆ ಒಂಬತ್ತು ಲಕ್ಷ ಚಿಲ್ಲರೆ. ಅರ್ಧಕ್ಕಿಂತ ಹೆಚ್ಚು ಹೊರೆ ಇಳಿಯಿತು. ಅಕ್ಷರಗಳು ಒಂದಿಷ್ಟು ಮಸುಕಾಗುತ್ತವೆ, ಆಗಲಿ. 2021ರಲ್ಲಿ ಎಎಮ್‌ಡಿ ಕಂಪನಿ ಹೊರತಂದ ಎಫ್‌ಎಸ್‌ಆರ್ ಎಂಬ ತಂತ್ರ, ಚಿಕ್ಕದಾಗಿ ಬಿಡಿಸಿದ ಚಿತ್ರವನ್ನು ಜಾಣತನದಿಂದ ಹಿಗ್ಗಿಸಿ ತೋರಿಸುತ್ತದೆ. ಇಂಟೆಲ್ ಗ್ರಾಫಿಕ್ಸಿನಲ್ಲೂ ನಡೆಯುತ್ತದೆ, ಬಿಟ್ಟಿ. ಆಟದ ಮೆನುವಿನಲ್ಲಿ ಅದಿದ್ದರೆ ಬಿಡಬೇಡಿ.

ಹೀಗೆ ಬಿಡುತ್ತ ಹೋಗುವ ವಿದ್ಯೆ ಬಡವರ ಕಂಪ್ಯೂಟರಿನಲ್ಲಿ ಹುಟ್ಟಿದ್ದೇನಲ್ಲ. 1990ರಲ್ಲಿ ಜಾನ್ ಕಾರ್ಮ್ಯಾಕ್ ‘ಕಮ್ಯಾಂಡರ್ ಕೀನ್’ ಎಂಬ ಆಟ ಬರೆದಾಗ ಆಗಿನ ಪಿಸಿಗಳಿಗೆ ಇಡೀ ಪರದೆಯನ್ನು ಮತ್ತೆಮತ್ತೆ ಬಿಡಿಸುವ ತಾಕತ್ತಿರಲಿಲ್ಲ. ಆತ ಬದಲಾದ ಚೌಕಗಳನ್ನು ಮಾತ್ರ ಬಿಡಿಸಿ ಮಿಕ್ಕದ್ದನ್ನು ಇದ್ದ ಹಾಗೇ ಬಿಟ್ಟ, ಆಟ ನುಣ್ಣಗೆ ಸರಿಯಿತು. 2022ರಲ್ಲಿ ಬಂದ ಸ್ಟೀಮ್ ಡೆಕ್ ಎಂಬ ಕೈಯಂತ್ರದ ಚಿಪ್ಪಿನ ಮಿತಿಯೂ 15 ವ್ಯಾಟೇ, ಅದಕ್ಕೂ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಆದರೆ ಮೆಮೊರಿಯ ಹರಿವು ಸೆಕೆಂಡಿಗೆ 88 ಜಿಬಿ, ಪರದೆ 1280ಕ್ಕೆ 800 ಮಾತ್ರ. ಬೇಕಾದ ಕಡೆ ಕೊಟ್ಟು, ಬೇಡದ ಕಡೆ ಹಿಡಿದಿದ್ದಾರೆ.

ನನ್ನ ಅಭಿಪ್ರಾಯದಲ್ಲಿ ಅಂಕಿ ದೊಡ್ಡದಾಗುವುದಕ್ಕಿಂತ ಸಮನಾಗಿರುವುದು ಮುಖ್ಯ. ಸೆಕೆಂಡಿಗೆ 30 ಚಿತ್ರವೆಂದರೆ ಪ್ರತಿ 33 ಮಿಲಿಸೆಕೆಂಡಿಗೆ ಒಂದು. ಸರಾಸರಿ 40 ಬರುತ್ತಿದ್ದರೂ ನಡುವೆ ಒಂದು ಚಿತ್ರ 100 ಮಿಲಿಸೆಕೆಂಡು ತಡವಾದರೆ ಕೈಗೆ ಆ ಜರ್ಕು ತಿಳಿದೇ ತಿಳಿಯುತ್ತದೆ. ಹಾಗಾಗಿ ರಿವಾಟ್ಯೂನರ್ ಎಂಬ ಪುಟ್ಟ ತಂತ್ರಾಂಶದಲ್ಲಿ 30ಕ್ಕೆ ಬೀಗ ಹಾಕುತ್ತೇನೆ. ಅದು ತೋರಿಸುವ ಗೀಟು, ಅಲ್ಲಿಯವರೆಗೆ ಏರಿಳಿಯುತ್ತಿದ್ದದ್ದು, ನೆಟ್ಟಗೆ ಮಲಗುವುದನ್ನು ನೋಡುವ ಸುಖವೇ ಬೇರೆ. ಆಗ ಆಟದಲ್ಲಿ ಯಾರು ಗೆದ್ದರೆ ನನಗೇನು? ಹಳೆಯ ಜಿಟಿಎ ಸ್ಯಾನ್ ಆಂಡ್ರಿಯಾಸಿನಲ್ಲಂತೂ ಈ ಬೀಗ ತೆಗೆದರೆ ಆಟದ ಒಳಲೆಕ್ಕವೇ ತಪ್ಪಿ ಈಜುವವನು ನೀರಿನಲ್ಲಿ ಮುಂದಕ್ಕೇ ಹೋಗುವುದಿಲ್ಲ.

ಅಕ್ಕನ ಮಗ ರಜೆಗೆ ಬಂದಾಗ ಮಾತ್ರ ನನ್ನ ವಿದ್ಯೆ ಸೋಲುತ್ತದೆ. ಅವನಿಗೆ ವ್ಯಾಲರಂಟ್ ಬೇಕು. ಎಚ್‌ಡಿ 4000ದಂಥ ಹಳೆಯ ಗ್ರಾಫಿಕ್ಸಿನಲ್ಲೂ ನಡೆಯಲೆಂದೇ ಮಾಡಿದ ಆಟ, ನಮ್ಮದರಲ್ಲಿ ಸಲೀಸಾಗಿ ಓಡುತ್ತದೆ. ಆದರೂ “ಮಾವ, ಲ್ಯಾಗ್ ಹೊಡೀತೈತೆ” ಎಂದು ಕೂಗುತ್ತಾನೆ.

“ಪಿಂಗ್ ಎಷ್ಟೈತೆ ನೋಡ್ಲಾ.”

“ಇನ್ನೂರೈವತ್ತು.”

ಸರ್ವರಿಗೆ ಹೋಗಿಬರಲು ಅಷ್ಟು ಮಿಲಿಸೆಕೆಂಡು. ಅದು ಗ್ರಾಫಿಕ್ಸಿನ ತಪ್ಪಲ್ಲ. ಆಟದ ಸರ್ವರ್ ಮುಂಬೈಯಲ್ಲಿದೆ, ನಾವಿರುವುದು ಮೊಬೈಲ್ ಹಾಟ್‌ಸ್ಪಾಟಿನಲ್ಲಿ, ಸಂಜೆಯಾದರೆ ಊರಿಗೆ ಊರೇ ರೀಲ್ಸ್ ನೋಡುತ್ತ ಅದೇ ಟವರಿಗೆ ಜೋತುಬಿದ್ದಿರುತ್ತದೆ. ನೆರಳು ತೆಗೆದರೆ ಟವರು ಖಾಲಿಯಾಗುವುದಿಲ್ಲ. ಬೆಳಗಿನ ಜಾವ ಎದ್ದು ಆಡು ಎಂದರೆ ಒಪ್ಪುವ ವಯಸ್ಸೂ ಅವನದಲ್ಲ. ಕೊನೆಗೆ ಇಬ್ಬರೂ 2006ರ ಕ್ರಿಕೆಟ್ 07 ಹಾಕಿಕೊಂಡು ಕೂರುತ್ತೇವೆ. ಯಾರೋ ಪುಣ್ಯಾತ್ಮರು ಅದಕ್ಕೆ ಈಗಿನ ಐಪಿಎಲ್ ಜೆರ್ಸಿಗಳನ್ನೂ ತೊಡಿಸಿಟ್ಟಿದ್ದಾರೆ. ಅದು ಎಂಥ ಯಂತ್ರದಲ್ಲೂ ಓಡುತ್ತದೆ, ನೆರಳಿನ ಸಮೇತ.

‘ಗೇಮ್ ಬೂಸ್ಟರ್’ ಎಂದು ಮಾರುವ ತಂತ್ರಾಂಶಗಳ ತಂಟೆಗೆ ಹೋಗಬೇಡಿ. ಅವು ಮಾಡುವ, ಕ್ರೋಮ್ ಮುಚ್ಚುವಂಥ ಕೆಲಸವನ್ನು ನೀವೇ ಮಾಡಿಕೊಳ್ಳಬಹುದು. ರ‍್ಯಾಮ್ ಕೊಳ್ಳಲು ಎಸ್.ಪಿ. ರಸ್ತೆಗೆ ಬಸ್ ಹತ್ತುವ ಮೊದಲು ಹಿಂದಿನ ಮುಚ್ಚಳ ಬಿಚ್ಚಿ ಸ್ಲಾಟ್ ಇದೆಯೋ ಇಲ್ಲವೋ ನೋಡಿಕೊಳ್ಳಿ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಎರಡನೆಯದಕ್ಕೆ ಜಾಗವೇ ಇರುವುದಿಲ್ಲ.